ಮಸಾಲೆ ಡಬ್ಬಿಯಲ್ಲಿ ನನಗೆ ಸೇರುವುದು, ಸೇರದ್ದು

ಚೀಟಿ ಬರೆದುಕೊಟ್ಟ ಮೇಲೂ ನಮ್ಮ ಕಡೆಯ ರೋಗಿಗಳು ಸುಲಭಕ್ಕೆ ಎದ್ದು ಹೋಗುವುದಿಲ್ಲ. ಬಾಗಿಲ ತನಕ ಹೋಗಿ, ತಿರುಗಿ ನಿಂತು, "ಪಥ್ಯ ಏನ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಬಂದಿರುವುದು ಮೊಣಕಾಲು ನೋವಿಗಾದರೂ ಸರಿ, ಕಿವಿ ಸೋರುವುದಕ್ಕಾದರೂ ಸರಿ. ಖಾರ ಬಿಡಬೇಕೇ, ಹುಳಿ ಬಿಡಬೇಕೇ, ಮಸಾಲೆ ಪೂರಾ ಬಂದ್ ಮಾಡಬೇಕೇ? ವಾರದಲ್ಲಿ ಕೆಲವು ದಿನ ಹುಮನಾಬಾದಿನಲ್ಲಿ, ಉಳಿದ ದಿನ ಬಸವಕಲ್ಯಾಣದಲ್ಲಿ ರೋಗಿಗಳನ್ನು ನೋಡುವ ನನಗೆ ಈ ಪ್ರಶ್ನೆ ಎರಡೂ ಊರುಗಳಲ್ಲಿ ಒಂದೇ ರೀತಿ ಎದುರಾಗುತ್ತದೆ. ಕಳೆದ ತಿಂಗಳು ಹುಮನಾಬಾದಿನಲ್ಲಿ ಒಬ್ಬ ಅಜ್ಜಿ ಮಾತ್ರ ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸಿದರು. "ನಮಗೆಲ್ಲ ಅದು ಬಿಡ್ರಿ, ಇದು ಬಿಡ್ರಿ ಅಂತೀರಿ. ನಿಮ್ಮ ಮನಿ ಮಸಾಲಿ ಡಬ್ಬ್ಯಾಗ ಏನೇನ್ ಅದ, ಅದು ಹೇಳ್ರಿ ಮೊದ್ಲ" ಎಂದರು.

ಹೊರಗೆ ಬೆಂಚಿನ ತುಂಬ ಜನ ಕಾದಿದ್ದರು. ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಈ ವಾರ ನನ್ನ ಮನೆಯ ಡಬ್ಬಿಯನ್ನೇ ನಿಮ್ಮ ಮುಂದೆ ತೆರೆದಿಡುತ್ತೇನೆ.

ಮೊದಲೇ ಒಂದು ಮಾತು. ನಾಲಿಗೆಯ ಇಷ್ಟ ಬೇರೆ, ವೈದ್ಯನ ಇಷ್ಟ ಬೇರೆ. ನಾಲಿಗೆಯ ಲೆಕ್ಕ ಕೇಳಿದರೆ ನನಗೆ ಸಬ್ಬಸಿಗೆ ಸೊಪ್ಪು ಸೇರದು. ಚಿಕ್ಕಂದಿನಿಂದಲೂ ಅಷ್ಟೆ, ಎಳ್ಳ ಅಮಾವಾಸ್ಯೆಯ ಭಜ್ಜಿಯಲ್ಲಿ ಅದು ಒಂದೆಳೆ ಕಂಡರೂ ಬದಿಗೆ ಸರಿಸುತ್ತಿದ್ದೆ. ಸಬ್ಬಸಿಗೆಯದೇನೂ ತಪ್ಪಿಲ್ಲ, ಒಳ್ಳೆಯ ಸೊಪ್ಪು. ಕೆಲವರಿಗೆ ಕೊತ್ತಂಬರಿ ಸೊಪ್ಪು ಸಾಬೂನಿನಂತೆ ನಾರುತ್ತದೆ ಎಂಬುದು ನಿಮಗೂ ಗೊತ್ತಿರಬಹುದು. ಅದು ಬರೀ ಹಟವಲ್ಲ. ವಾಸನೆ ಗ್ರಹಿಸುವ ಒಂದು ವಂಶವಾಹಿಯಲ್ಲಿನ ವ್ಯತ್ಯಾಸಕ್ಕೂ ಈ ಸಾಬೂನು ವಾಸನೆಗೂ ಸಂಬಂಧವಿದೆ ಎಂದು 2012ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಮಗು ಕೊತ್ತಂಬರಿ ಬೇಡ ಎಂದರೆ ಬೈಯಬೇಡಿ. ಮೆಂತ್ಯ ಸೊಪ್ಪು, ಪುಂಡಿ ಸೊಪ್ಪು ಇವೆಯಲ್ಲ.

ಇನ್ನು ವೈದ್ಯನ ಲೆಕ್ಕಕ್ಕೆ ಬರೋಣ.

ಅಲ್ಲ ಎಂದರೆ ಹೌದು

ನನ್ನ ಮೊದಲ ಆಯ್ಕೆ ಹಸಿ ಶುಂಠಿ. ನಮ್ಮ ಕಡೆ ಅದಕ್ಕೆ 'ಅಲ್ಲ' ಎನ್ನುತ್ತಾರೆ. ಬೆಂಗಳೂರಿನ ಕಡೆಯ ಸಹಪಾಠಿಯೊಬ್ಬ ನಮ್ಮ ಮನೆಗೆ ಬಂದಾಗ "ಚಹಾದಾಗ ಏನ್ ಹಾಕೀರಿ?" ಎಂದು ನನ್ನ ಧಾಟಿಯಲ್ಲೇ ಕೇಳಿದ. ತಾಯಿ "ಅಲ್ಲ" ಎಂದರು. "ಅಲ್ಲ ಅಂದ್ರೆ ಮತ್ತೇನು?" ಎಂದು ಅವನು ಮೂರು ಸಲ ಕೇಳಿದ್ದು ಇಂದಿಗೂ ನಮ್ಮ ಮನೆಯ ನಗೆಮಾತು.

ಶುಂಠಿಯ ಮೇಲೆ ನನಗಿರುವ ಪ್ರೀತಿಯಲ್ಲಿ ಊರಿನ ಅಭಿಮಾನವೂ ಸ್ವಲ್ಪ ಬೆರೆತಿದೆ. ಕೊಡಗು, ಹಾಸನ, ಶಿವಮೊಗ್ಗಗಳಂತೆ ನಮ್ಮ ಬೀದರ್ ಜಿಲ್ಲೆಯೂ ರಾಜ್ಯದಲ್ಲಿ ಶುಂಠಿ ಬೆಳೆಯುವ ಜಿಲ್ಲೆ. ಕೃಷಿ ವಿಜ್ಞಾನಿಗಳು ಶುಂಠಿ ತಳಿಗಳನ್ನು ಹೋಲಿಸಿ ನೋಡುವಾಗ ಮಾರನ್, ಹಿಮಾಚಲ, ರಿಯೋ ಡಿ ಜನೈರೊ ಎಂಬ ಹೆಸರುಗಳ ಜೊತೆಗೆ 'ಹುಮನಾಬಾದ್' ಎಂಬ ಹೆಸರೂ ಬರುತ್ತದೆ. ಎಲ್ಲಿಯ ಬ್ರೆಜಿಲ್, ಎಲ್ಲಿಯ ಹುಮನಾಬಾದ್! ಗಡ್ಡೆ ಕೊಳೆ ರೋಗ ಬಂದ ವರ್ಷ ರೈತ ಕೈ ಸುಟ್ಟುಕೊಳ್ಳುತ್ತಾನೆ, ಬೆಲೆ ಬಿದ್ದ ವರ್ಷ ಮತ್ತೆ ಸುಟ್ಟುಕೊಳ್ಳುತ್ತಾನೆ. ಆದರೂ ನಮ್ಮ ಜನ ಅದನ್ನು ಕೈಬಿಟ್ಟಿಲ್ಲ.

ಶುಂಠಿಯ ಘಾಟಿಗೆ ಕಾರಣ ಜಿಂಜರಾಲ್ ಎಂಬ ವಸ್ತು. ಗಡ್ಡೆಯನ್ನು ಒಣಗಿಸಿದಾಗ ಅದರಲ್ಲಿ ಒಂದು ಪಾಲು ಶೋಗಾಲ್ ಆಗಿ ಮಾರ್ಪಡುತ್ತದೆ. ಇದರ ಘಾಟು ಇನ್ನೂ ಹೆಚ್ಚು. ಒಣ ಶುಂಠಿಯ ಕಷಾಯ ಗಂಟಲನ್ನು ಅಷ್ಟು ಉರಿಸುವುದು ಇದೇ ಕಾರಣಕ್ಕೆ. ಬೇಯಿಸಿದಾಗ ಜಿಂಜರಾಲ್ ಇನ್ನೊಂದು ರೂಪ ತಾಳಿ ಸೌಮ್ಯವಾಗುತ್ತದೆ. ಹಸಿ, ಒಣ, ಬೆಂದ ಶುಂಠಿಗಳು ನಾಲಿಗೆಗೆ ಮೂರು ಬೇರೆ ಪದಾರ್ಥಗಳಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ವೈದ್ಯಕೀಯವಾಗಿ ಶುಂಠಿಗೆ ಗಟ್ಟಿ ಆಧಾರವಿರುವುದು ಮುಖ್ಯವಾಗಿ ಓಕರಿಕೆಯ ವಿಷಯದಲ್ಲಿ. ಬಸುರಿನ ಮೊದಲ ತಿಂಗಳುಗಳಲ್ಲಿ ಕಾಡುವ ಓಕರಿಕೆ ಶುಂಠಿಯಿಂದ ಕಡಿಮೆಯಾಗುತ್ತದೆ ಎಂಬುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಆ ಪರೀಕ್ಷೆಗಳಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿ ಪುಡಿ, ಅದನ್ನೂ ಮೂರು ನಾಲ್ಕು ಪಾಲು ಮಾಡಿ. ಮನೆಯ ಭಾಷೆಯಲ್ಲಿ ಹೇಳುವುದಾದರೆ ಬೆರಳಿನ ಒಂದು ಗೆಣ್ಣಿನಷ್ಟು ಹಸಿ ಶುಂಠಿಯನ್ನು ಇಡೀ ದಿನಕ್ಕೆ ಹಂಚಿಕೊಳ್ಳಬಹುದು. ಆದರೆ ಗರ್ಭಿಣಿಗೆ ನೀರು ಕೂಡ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ತೂಕ ಇಳಿಯುತ್ತಿದೆ ಎಂದರೆ ಅದು ಶುಂಠಿಯಿಂದ ಸರಿಹೋಗುವ ಓಕರಿಕೆ ಅಲ್ಲ. ಅಂಥವರಿಗೆ ರಕ್ತನಾಳದ ಮೂಲಕ ದ್ರವ ಕೊಡಬೇಕಾಗುತ್ತದೆ. "ಬಸುರಿಗೆ ವಾಂತಿ ಇದ್ದದ್ದೇ" ಎಂದು ವಾರಗಟ್ಟಲೆ ಮನೆಯಲ್ಲಿ ಇಟ್ಟುಕೊಂಡು, ಕಣ್ಣು ಗುಳಿ ಬಿದ್ದ ಮೇಲೆ ಕರೆತಂದವರನ್ನು ನಾನು ಬಹಳ ನೋಡಿದ್ದೇನೆ.

ಕೆಮ್ಮಿಗೆ ಶುಂಠಿ ಕಷಾಯ ಹಿತವೇ? ಗಂಟಲಿಗೆ ಹಿತ. ಬಿಸಿ ನೀರಿನದೂ ಅದರಲ್ಲಿ ಅರ್ಧ ಪಾಲಿದೆ. ಕುಡಿಯಿರಿ, ನಾನೂ ಕುಡಿಯುತ್ತೇನೆ. ಆದರೆ ಕೆಮ್ಮು ಎರಡು ವಾರ ಮೀರಿದರೆ ಕಷಾಯದ ಪಾತ್ರೆ ಕೆಳಗಿಟ್ಟು ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅಲ್ಲಿ ಅದು ಉಚಿತ. ಕ್ಷಯ ರೋಗವನ್ನು ಎರಡು ಮೂರು ತಿಂಗಳು ಕಷಾಯದಲ್ಲೇ ಸಾಗಿಸಿ, ಅಷ್ಟರಲ್ಲಿ ಮನೆಯ ಮಕ್ಕಳಿಗೂ ಹಂಚಿದ ಮನೆಗಳಿವೆ. 2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣ ಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯುವಂತೆ ಹೇಳಿತ್ತು. ನಮ್ಮವರು ಅದನ್ನು ಲೋಟಗಟ್ಟಲೆ ಕುಡಿದರು. ಆ ಬೇಸಿಗೆಯಲ್ಲಿ ಬಾಯಿ ಹುಣ್ಣು, ಎದೆಯುರಿ ಎಂದು ಫೋನ್ ಮಾಡಿದವರ ಸಂಖ್ಯೆ ಕಡಿಮೆ ಏನಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಅಂದರೆ ಹೃದಯದ ಕವಾಟ ಬದಲಾಯಿಸಿಕೊಂಡವರು ಅಥವಾ ಸ್ಟೆಂಟ್ ಹಾಕಿಸಿಕೊಂಡವರು, ಅಡುಗೆಯ ಶುಂಠಿಗೆ ಹೆದರಬೇಕಿಲ್ಲ. ಶುಂಠಿ, ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಖಾರದ ಮೇಲಿನ ಹಳೆಯ ದೂರು

ವೈದ್ಯರಿಗೆ ಸೇರದ ಮಸಾಲೆ ಎಂದರೆ ಕೆಂಪು ಖಾರವೇ ಇರಬೇಕು ಎಂದು ನೀವು ಊಹಿಸಿರಬಹುದು. ಅಲ್ಲ. (ಇದು ಶುಂಠಿ ಅಲ್ಲ.)

ನಮ್ಮ ಬಸವಕಲ್ಯಾಣ ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತಷ್ಟೆ. ಆ ವಂಶದ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ರಾಜನ ಊಟವನ್ನು ವರ್ಣಿಸುವ ಅನ್ನಭೋಗ ಎಂಬ ಭಾಗವಿದೆ. ಉದ್ದಿನ ಹಿಟ್ಟಿನಿಂದ ಮಾಡುವ ಇಡರಿಕೆಗೆ ಮೆಣಸು, ಜೀರಿಗೆ, ಇಂಗು ಹಾಕುವ ವಿಷಯ ಅಲ್ಲಿ ಬರುತ್ತದೆ. ಮೆಣಸು ಎಂದರೆ ಕರಿಮೆಣಸು. ಕೆಂಪು ಮೆಣಸಿನಕಾಯಿಯ ಸುಳಿವು ಇಡೀ ಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ. ಏಕೆಂದರೆ ಅದು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಬಂದ ಮೇಲೆ ಅದಕ್ಕೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟರು. ಇಂದು ಶೇಂಗಾ ಹಿಂಡಿ, ಎಣ್ಣೆಗಾಯಿ, ಕೆಂಪು ಚಟ್ನಿಗಳಿಲ್ಲದೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದ ನಮಗೆ, ಇದೇ ಊರಿನ ಅರಸ ಮೆಣಸಿನಕಾಯಿಯ ಮುಖವನ್ನೇ ಕಾಣದೆ ಊಟ ಮುಗಿಸುತ್ತಿದ್ದ ಎಂದರೆ ನಂಬುವುದು ಕಷ್ಟ.

ಹೊಟ್ಟೆ ಹುಣ್ಣು ಖಾರದಿಂದ ಬರುತ್ತದೆ ಎಂದು ನಮ್ಮ ಅಜ್ಜಿಯರು ಮಾತ್ರವಲ್ಲ, ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು 1982ರಲ್ಲಿ ಇದನ್ನು ಬುಡಮೇಲು ಮಾಡಿದರು. ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೇ ಹೆಚ್ಚಿನ ಹುಣ್ಣುಗಳಿಗೆ ಮೂಲ ಎಂದರು. ಯಾರೂ ನಂಬದಾದಾಗ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹುಣ್ಣಿಗೆ ಎರಡನೆಯ ದೊಡ್ಡ ಕಾರಣ ನೋವಿನ ಮಾತ್ರೆಗಳು. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡು, ಮೊಣಕಾಲು ನೋವಿಗೆಂದು ತಿಂಗಳಾನುಗಟ್ಟಲೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ ಜಠರವನ್ನು ಕೊರೆಯುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಹೋಗುತ್ತಿದೆ ಎಂದು ತಿಳಿಯಿರಿ. ಅಂಥವರು ಖಾರ ಬಿಟ್ಟು ಮಾತ್ರೆ ಮುಂದುವರಿಸಿರುತ್ತಾರೆ! ನಿರಪರಾಧಿಗೆ ಶಿಕ್ಷೆ, ಅಪರಾಧಿಗೆ ಊಟ.

ಹಾಗೆಂದು ಖಾರಕ್ಕೆ ಪೂರ್ತಿ ಬಿಡುಗಡೆ ಇಲ್ಲ. ಎದೆಯುರಿ ಇರುವವರಿಗೆ, ಮೂಲವ್ಯಾಧಿ ಕೆರಳಿದವರಿಗೆ ಅದು ಉರಿ ಹೆಚ್ಚಿಸುತ್ತದೆ. ಆದರೆ ನನಗೆ ಖಾರಕ್ಕಿಂತ ಖಾರದ ಜೊತೆಗಾರನ ಚಿಂತೆ ಜಾಸ್ತಿ. ಅವನು ಉಪ್ಪು. ಉಪ್ಪಿನಕಾಯಿ, ಹಿಂಡಿ, ಹಪ್ಪಳಗಳಲ್ಲಿ ಖಾರ ಹೆಚ್ಚಿದಂತೆ ಉಪ್ಪೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ. ರಕ್ತದೊತ್ತಡ ಇರುವವರು "ಖಾರ ಬಿಟ್ಟೀನ್ರಿ" ಎಂದು ಹೆಮ್ಮೆಯಿಂದ ಹೇಳಿದಾಗ ನಾನು ಉಪ್ಪಿನಕಾಯಿ ಭರಣಿಯ ವಿಚಾರ ಕೇಳುತ್ತೇನೆ.

ಹಳದಿ ಹೆಚ್ಚಾದರೆ ಅನುಮಾನ

ಅರಿಸಿನದ ಬಗ್ಗೆ ನನಗೆ ಅರ್ಧ ಪ್ರೀತಿ, ಅರ್ಧ ಅಂಜಿಕೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ನಮ್ಮ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸಾರವಾದ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟು ನೋಡಿದಾಗ, ರಕ್ತದಲ್ಲಿ ಅದರ ಲಭ್ಯತೆ ಸುಮಾರು 20 ಪಟ್ಟು ಹೆಚ್ಚಿತು. ಜಗತ್ತಿನ ಎಲ್ಲೆಡೆ ಅರಿಸಿನದ ಕ್ಯಾಪ್ಸೂಲಿಗೆ ಕರಿಮೆಣಸು ಬೆರೆಸುವುದು ಈ ನಮ್ಮ ರಾಜ್ಯದ ಕೆಲಸದ ಆಧಾರದ ಮೇಲೆಯೇ. ಆದರೆ ಕರಿಮೆಣಸು ಕೆಲವು ಔಷಧಗಳನ್ನೂ ಹೀಗೆಯೇ ಏರಿಸುತ್ತದೆ. ಮೂರ್ಛೆ ರೋಗಕ್ಕೆ ಫೆನಿಟೊಯಿನ್ ನುಂಗುವವರು ಇಂಥ ಕ್ಯಾಪ್ಸೂಲುಗಳಿಂದ ದೂರವಿರಬೇಕು. ಅರಿಸಿನದ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆಯಿಂದ ಇದಾವುದೂ ಆಗದು.

ಅಂಜಿಕೆ ಇರುವುದು ಬಣ್ಣದ ವಿಷಯಕ್ಕೆ. ಅರಿಸಿನ ಕೊಂಬು ಹೊಳೆಯಲಿ ಎಂದು ಕೆಲವೆಡೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಲೇಪಿಸುತ್ತಾರೆ. ಸೀಸ ಮಕ್ಕಳ ಮಿದುಳಿಗೆ ವಿಷ. ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಅದಕ್ಕಿಲ್ಲ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಹುಡುಕುತ್ತ ಹೋದ ವಿಜ್ಞಾನಿಗಳು ಬಂದು ನಿಂತದ್ದು ಅಡುಗೆಮನೆಯ ಅರಿಸಿನದ ಎದುರು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಸಿಕ್ಕಿತು. ಸರಕಾರ ವರ್ತಕರಿಗೆ ದಂಡ ಹಾಕಿ, ಊರೂರಿಗೆ ತಿಳಿವಳಿಕೆ ನೀಡಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡು ವರ್ಷದ ಕೆಲಸ ಇದು!

ನಮ್ಮಲ್ಲಿ ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಖಾರ, ಅರಿಸಿನ, ಮಸಾಲೆ ಕುಟ್ಟಿಸುವ ರೂಢಿ ಇನ್ನೂ ಉಳಿದಿದೆ. ಅದು ಒಳ್ಳೆಯ ರೂಢಿ. ಕೊಂಬು ಆರಿಸುವಾಗ ಪಾಲಿಶ್ ಮಾಡಿದಂತೆ ಥಳಥಳಿಸುವುದನ್ನು ಬಿಟ್ಟು ಮಾಸಲು ಬಣ್ಣದ, ಮಣ್ಣಿನ ವಾಸನೆಯ ಕೊಂಬನ್ನು ತನ್ನಿ. ಪುಡಿಯ ಮೇಲೆ ಅನುಮಾನವಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚೆ ಹಾಕಿ ಕಲಕದೆ ಬಿಡಿ. ಒಳ್ಳೆಯ ಪುಡಿ ತಳ ಸೇರುವಾಗ ನೀರು ತಿಳಿಹಳದಿಯಾಗುತ್ತದೆ. ಕೃತಕ ಬಣ್ಣವಿದ್ದರೆ ಕಡುಹಳದಿ. ಸೀಸವನ್ನು ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ, ಈ ಲೋಟವಲ್ಲ. ಖಾರದ ಪುಡಿಗೂ ಇಂಥ ಕಥೆ ಇದೆ. ಬಟ್ಟೆ, ಮೇಣಗಳಿಗೆ ಬಳಸುವ ಸುಡಾನ್ ಎಂಬ ಕೆಂಪು ಬಣ್ಣ ಭಾರತದ ಖಾರದ ಪುಡಿಯಲ್ಲಿ ಸಿಕ್ಕಿದ್ದರಿಂದ 2003ರಲ್ಲಿ ಯುರೋಪಿನಲ್ಲಿ ದೊಡ್ಡ ಗದ್ದಲವಾಗಿತ್ತು. ಇನ್ನು ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬಂದ ಮೆಣಸಿನಕಾಯಿಯನ್ನು ಒರೆಸಿ, ಬಿಸಿಲಿಗಿಟ್ಟು ಬಳಸಬೇಡಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಬಿಸಿಲಿಗೂ ಹೋಗದು, ಒಗ್ಗರಣೆಗೂ ಹೋಗದು. ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಅರಿಸಿನವನ್ನು ಹಸುಗೂಸಿನ ಹೊಕ್ಕುಳಿಗೆ ಹಚ್ಚುವುದು ಬೇಡ. ಹೊಕ್ಕುಳ ಬಳ್ಳಿ ತಾನಾಗಿ ಒಣಗಿ ಬೀಳಬೇಕು; ಅದಕ್ಕೆ ಎಣ್ಣೆ, ಬೂದಿ, ಅರಿಸಿನ ಏನೂ ಬೇಕಿಲ್ಲ. ಹಿಂದೆ ಹಸುಗೂಸುಗಳನ್ನು ಕೊಲ್ಲುತ್ತಿದ್ದ ಧನುರ್ವಾಯು ಹೊಕ್ಕಳ ಮೂಲಕವೇ ಬರುತ್ತಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ ಇವುಗಳ ಫಲವಾಗಿ 2015ರಲ್ಲಿ ಭಾರತ ಆ ರೋಗವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ಮರಳಿ ಕರೆಯುವುದು ಬೇಡ.

ಮೆಂತ್ಯದ ಬಗ್ಗೆ ಸಕ್ಕರೆ ಕಾಯಿಲೆಯವರು ತಪ್ಪದೆ ಕೇಳುತ್ತಾರೆ. ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆಂತ್ಯದ ಪುಡಿಯಿಂದ ರಕ್ತದ ಸಕ್ಕರೆ ಇಳಿದದ್ದು ನಿಜ. ಆದರೆ ಅವರು ಕೊಟ್ಟದ್ದು ದಿನಕ್ಕೆ 100 ಗ್ರಾಂ, ಎಣ್ಣೆ ತೆಗೆದ ಪುಡಿ. ನೀವು ರಾತ್ರಿ ನೆನೆಹಾಕುವ ಒಂದು ಚಮಚೆಗೂ ಅದಕ್ಕೂ ಬಹಳ ದೂರ. ನೆನೆಹಾಕಿದ ಮೆಂತ್ಯ ತಿನ್ನಿ, ನಾರಿನಂಶವಿದೆ, ಮಲಬದ್ಧತೆಗೂ ಒಳ್ಳೆಯದು. ಮಾತ್ರೆ ಬಿಟ್ಟು ತಿನ್ನಬೇಡಿ. ದಾಲ್ಚಿನ್ನಿಯ ಮಾತೂ ಅಷ್ಟೆ. ಅಂಗಡಿಯಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅದರ ಕೂಮರಿನ್ ಎಂಬ ಅಂಶ ಹೆಚ್ಚಾದರೆ ಯಕೃತ್ತಿಗೆ ತೊಂದರೆ ಎಂದು 2006ರಲ್ಲೇ ಜರ್ಮನಿಯ ಅಧಿಕಾರಿಗಳು ಎಚ್ಚರಿಸಿದ್ದಾರೆ. ಬಿರಿಯಾನಿಗೆ ಒಂದು ತುಂಡು ಹಾಕಿದರೆ ಏನೂ ಆಗದು, ದಿನಾ ಚಮಚೆಗಟ್ಟಲೆ ಪುಡಿ ನುಂಗಬೇಡಿ.

ಸಾಣೆಕಲ್ಲಿನ ಮೇಲಿನ ಜಾಯಿಕಾಯಿ

ಈಗ ನನಗೆ ಎಲ್ಲಕ್ಕಿಂತ ಸೇರದ ಮಸಾಲೆ. ಅದು ಜಾಯಿಕಾಯಿ. ಹೋಳಿಗೆಯ ಹೂರಣಕ್ಕೆ, ಬಾಸುಂದಿಗೆ ಚಿಟಿಕೆ ಹಾಕಿದ ಜಾಯಿಕಾಯಿಯಲ್ಲ. ಅದನ್ನು ನಾನೂ ಸವಿಯುತ್ತೇನೆ. ನಾನು ಹೇಳುತ್ತಿರುವುದು ಸಾಣೆಕಲ್ಲಿನ ಮೇಲೆ ತೇದು ಹಸುಗೂಸಿನ ಬಾಯಿಗೆ ಹಾಕುವ ಜಾಯಿಕಾಯಿ.

ಬಸವಕಲ್ಯಾಣ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಆ ಕಡೆಯ 'ಬಾಳಗುಟ್ಟಿ'ಯ ಪದ್ಧತಿ ನಮ್ಮಲ್ಲೂ ಇದೆ. ಬಜೆ, ಅಳಲೆಕಾಯಿ, ಮಾಚಿಕಾಯಿ, ಅರಿಸಿನಕೊಂಬು, ಶುಂಠಿ, ಜಾಯಿಕಾಯಿ ಇವನ್ನು ಒಂದೊಂದಾಗಿ ಕಲ್ಲಿನ ಮೇಲೆ ಇಷ್ಟಿಷ್ಟು ಸುತ್ತು ತೇದು, ತಾಯಿಯ ಹಾಲಿನಲ್ಲೋ ನೀರಿನಲ್ಲೋ ಕದಡಿ ಕೂಸಿಗೆ ನೆಕ್ಕಿಸುತ್ತಾರೆ. ಬಾಣಂತಿಯ ತವರಿನಿಂದ ಬರುವ ಸಾಮಾನಿನಲ್ಲಿ ಈ ಬಟ್ಟಲಿಗೂ ಒಂದು ಸ್ಥಾನ. ನನಗೂ ಕುಡಿಸಿದ್ದಾರಂತೆ. ಆದ್ದರಿಂದ ಇದನ್ನು ಮಾಡುವ ಅಜ್ಜಿಯರನ್ನು ಹೀಗಳೆಯುವ ಅರ್ಹತೆ ನನಗಿಲ್ಲ, ಮನಸ್ಸೂ ಇಲ್ಲ. ಮಗು ಅಳದೆ ಮಲಗಲಿ ಎಂಬ ಕಕ್ಕುಲತೆಯೇ ಅದರ ಹಿಂದಿರುವುದು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಹುಮನಾಬಾದಿನ ಹತ್ತಿರದ ಹಳ್ಳಿಯಿಂದ ಎರಡೂವರೆ ತಿಂಗಳ ಕೂಸನ್ನು ತಂದರು. ಸಂಜೆಯಿಂದ ಮಲಗಿದ್ದು ಏಳುತ್ತಿಲ್ಲ, ಮೊಲೆ ಹಿಡಿಯುತ್ತಿಲ್ಲ. ಜ್ವರವಿಲ್ಲ. ಬಾಯಿ ಒಣಗಿತ್ತು, ಹೃದಯ ಓಡುತ್ತಿತ್ತು. ಏನಾದರೂ ಕೊಟ್ಟಿದ್ದೀರಾ ಎಂದರೆ "ಏನೂ ಇಲ್ರಿ, ಬರೀ ಮೊಲೆಹಾಲು" ಎಂದರು. ಸುಳ್ಳಲ್ಲ, ಗುಟ್ಟಿಯನ್ನು ಅವರು 'ಕೊಟ್ಟದ್ದು' ಎಂದು ಎಣಿಸುವುದೇ ಇಲ್ಲ. "ಸಾಣೆಕಲ್ಲಿನ ಮೇಲೆ ಏನು ತೇದಿರಿ?" ಎಂದು ಕೇಳಿದ ಮೇಲೆ ಎಳೆಯ ತಾಯಿ ಬಾಯಿ ಬಿಟ್ಟಳು. ಮನೆಯಲ್ಲಿ ಮದುವೆ, ನೆಂಟರು, ಕೂಸು ಎರಡು ರಾತ್ರಿ ಅತ್ತಿತ್ತು. ದಿನಾ ನಾಲ್ಕು ಸುತ್ತು ತೇಯುತ್ತಿದ್ದ ಜಾಯಿಕಾಯಿಯನ್ನು ಅಂದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಎಷ್ಟು ಸುತ್ತು ಎಂದು ಲೆಕ್ಕವಿಲ್ಲದೆ ತೇದಿದ್ದರು. ಕೂಸನ್ನು ಬೀದರಿಗೆ ಕಳಿಸಿದೆ. ಎರಡು ದಿನ ನಿಗಾದಲ್ಲಿದ್ದು ಬದುಕಿತು. ಈಗ ಶಾಲೆಗೆ ಹೋಗುತ್ತದೆ.

ಅದಕ್ಕೂ ಮೊದಲು, ನಾನು ಹೊಸದಾಗಿ ವೃತ್ತಿ ಆರಂಭಿಸಿದ್ದಾಗ, ಇಂಥದೇ ಮಂಪರಿನ ಕೂಸೊಂದನ್ನು ಸೋಂಕು ಎಂದು ಬರೆದು ಮುಂದಿನ ಆಸ್ಪತ್ರೆಗೆ ಕಳಿಸಿದ್ದೆ. ಸಾಣೆಕಲ್ಲಿನ ಪ್ರಶ್ನೆ ಕೇಳಬೇಕೆಂದು ನನಗಾಗ ಹೊಳೆದಿರಲಿಲ್ಲ. ಆ ಕೂಸಿಗೆ ನಿಜವಾಗಿ ಏನಾಗಿತ್ತೆಂದು ಇಂದಿಗೂ ನನಗೆ ತಿಳಿಯದು. ಅಂದಿನಿಂದ ಈ ಪ್ರಶ್ನೆಯನ್ನು ಬಿಟ್ಟಿಲ್ಲ.

ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ತೈಲಾಂಶವಿದೆ. ಅದು ಮಿದುಳಿನ ಮೇಲೆ ಕೆಲಸ ಮಾಡುತ್ತದೆ. ದೊಡ್ಡವರಲ್ಲೇ ಸುಮಾರು 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕಾಯಿ, ವಾಂತಿ, ಬಾಯಿ ಒಣಗುವುದು, ಎದೆ ಬಡಿತ, ಮಂಪರು, ಭ್ರಮೆಗಳನ್ನು ತರಬಲ್ಲದು. ಎರಡು ಕಾಯಿ ತಿಂದ ಎಂಟು ವರ್ಷದ ಬಾಲಕ ಸತ್ತ ಪ್ರಕರಣ 1908ರಷ್ಟು ಹಿಂದೆಯೇ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ಲಕ್ಷಣಗಳು ಕೂಡಲೇ ಕಾಣವು. ಮೂರರಿಂದ ಆರು ತಾಸು ಬೇಕು. ಮೊದಲ ಸಲ ತೇದದ್ದು "ಹತ್ತಲಿಲ್ಲ" ಎಂದು ಎರಡನೆಯ ಸಲ ತೇಯುವುದು ಇದರಿಂದಲೇ. ನಾಲ್ಕು ಸುತ್ತು ಎಂಬುದೂ ಅಳತೆಯಲ್ಲ. ಕಲ್ಲು ಒರಟೋ ನುಣುಪೋ, ಕಾಯಿ ಹೊಸದೋ ಹಳೆಯದೋ, ತೇಯುವ ಕೈ ಅಜ್ಜಿಯದೋ ಗಟ್ಟಿಮುಟ್ಟಾದ ಅತ್ತೆಯದೋ, ಎಲ್ಲದರ ಮೇಲೆ ಪ್ರಮಾಣ ಬದಲಾಗುತ್ತದೆ. ಮಗು ಶಾಂತವಾಗಿ ಮಲಗಿದೆ ಎಂದು ನಾವು ತಿಳಿಯುವುದು ನಿದ್ರೆಯಲ್ಲದೆಯೂ ಇರಬಹುದು.

ಅದೇ ಬಟ್ಟಲಿನ ಬಜೆಯೂ ನಿರಪಾಯಿಯಲ್ಲ. ಅದರಲ್ಲಿರುವ ಅಸರೋನ್ ಎಂಬ ಅಂಶದಿಂದ ಪ್ರಾಣಿಗಳಲ್ಲಿ ಗೆಡ್ಡೆಗಳಾದದ್ದು ಕಂಡು ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿದೆ. ಇನ್ನು ಕಲ್ಲು, ಕಾಯಿ, ಬೆರಳು, ಕಾಯಿಸದ ನೀರು ಇವುಗಳಿಂದ ಬರುವ ಭೇದಿಯ ಮಾತು ಬೇರೆಯೇ ಇದೆ. ಕೆಲವರು ಗುಟ್ಟಿಗೆ ಜೇನು ಬೆರೆಸುತ್ತಾರೆ. ವರ್ಷ ತುಂಬದ ಮಗುವಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಬೀಜಾಣುಗಳಿಂದ ಸ್ನಾಯುಗಳು ಸೋತು ಉಸಿರಾಟ ನಿಲ್ಲುವ ಬೊಟುಲಿಸಂ ರೋಗ ಬರಬಹುದು.

"ಹಾಗಾದ್ರ ಕೂಸು ರಾತ್ರಿಯೆಲ್ಲ ಅತ್ರ ಏನ್ ಮಾಡೂದ್ರಿ?" ಇದು ನಿಜವಾದ ಪ್ರಶ್ನೆ. ಎಳೆಗೂಸುಗಳ ಸಂಜೆಯ ಅಳು ಹುಟ್ಟಿದ ಆರನೆಯ ವಾರದ ಹೊತ್ತಿಗೆ ಅತಿ ಹೆಚ್ಚಾಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ತಗ್ಗುತ್ತದೆ. ಗುಟ್ಟಿ ಕುಡಿದ ಮಕ್ಕಳಿಗೂ ತಗ್ಗುತ್ತದೆ, ಕುಡಿಯದವಕ್ಕೂ ತಗ್ಗುತ್ತದೆ. ಹೆಸರು ಮಾತ್ರ ಗುಟ್ಟಿಗೆ ಬರುತ್ತದೆ. ಮೊಲೆ ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಬಟ್ಟೆ ಒದ್ದೆಯಿದೆಯೇ, ಸೆಕೆಯೇ ನೋಡಿ. ಎತ್ತಿಕೊಂಡು ಅಡ್ಡಾಡಿ. ತಾಯಿ ಒಬ್ಬಳೇ ಎರಡು ರಾತ್ರಿ ಎದ್ದಿದ್ದರೆ ಮೂರನೆಯ ರಾತ್ರಿ ಮನೆಯ ಗಂಡಸರು ಎತ್ತಿಕೊಳ್ಳಲಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ವೈದ್ಯರು ಬರೆದ ಔಷಧ, ಹನಿಗಳನ್ನು ಮಾತ್ರ ತಪ್ಪಿಸಬೇಡಿ. ಹಿರಿಯರಿಗೆ ಕಲ್ಲು ಪೂರ್ತಿ ಬಿಡಲು ಮನಸ್ಸಾಗದಿದ್ದರೆ ಜಾಯಿಕಾಯಿ, ಬಜೆ ಎರಡನ್ನಾದರೂ ಬಟ್ಟಲಿನಿಂದ ಇಂದೇ ತೆಗೆದುಬಿಡಿ. ಅರೆಮನಸ್ಸಿನಿಂದ ಈ ರಾಜಿ ಮಾಡಿಕೊಂಡಿದ್ದೇನೆ. ಒಮ್ಮೆಲೆ ಎಲ್ಲ ಬಿಡಿ ಎಂದರೆ ಕಲ್ಲು ಒಳಮನೆಗೆ ಹೋಗುತ್ತದೆ, ನಮಗೆ ಹೇಳುವುದನ್ನೂ ಬಿಡುತ್ತಾರೆ.

ಮಗು ಎಬ್ಬಿಸಿದರೂ ಏಳದಿದ್ದರೆ, ಮೊಲೆ ಹಿಡಿಯದಿದ್ದರೆ, ಮೈ ಸಡಿಲಬಿಟ್ಟಿದ್ದರೆ, ಅಳು ಕೀರಲಾಗಿದ್ದರೆ, ಹಸಿರು ವಾಂತಿ ಮಾಡಿಕೊಂಡರೆ, ಉಸಿರಾಟದಲ್ಲಿ ಪಕ್ಕೆ ಒಳಗೆಳೆದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕಬೇಡಿ, ಉಪ್ಪುನೀರು ಕುಡಿಸಬೇಡಿ. ಬರುವಾಗ ಏನೇನು ತೇದಿದ್ದಿರೋ ಆ ಕಾಯಿಗಳನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡು ತನ್ನಿ. ಯಾರೂ ಬೈಯುವುದಿಲ್ಲ. ಆ ಪೊಟ್ಟಣ ಮೇಜಿನ ಮೇಲಿದ್ದರೆ ನಮಗೆ ಅರ್ಧ ತಾಸು ಉಳಿಯುತ್ತದೆ.